ಥಿಯೇಟರಿನಲ್ಲಿ ಮೀನಿನ ಮಾತು

ನಾನು ಜೀವಮಾನದಲ್ಲಿ ಒಂದು ತುಂಡು ಮೀನೂ ತಿಂದವಳಲ್ಲ. ಆದರೂ ಇಲಿಶ್ ಮೀನಿಗೆ ಸಾಸಿವೆ ಎಷ್ಟು ಅರೆಯಬೇಕು, ಗಂಗೆಯ ಇಲಿಶ್ ಮೇಲೋ ಪದ್ಮಾ ನದಿಯದು ಮೇಲೋ, ಮೊಟ್ಟೆ ತುಂಬಿದ ಮೀನಿಗೆ ರುಚಿ ಯಾಕೆ ಕಮ್ಮಿ ಎಂದು ಗಂಟೆಗಟ್ಟಲೆ ಮಾತಾಡಬಲ್ಲೆ. ಇದನ್ನೆಲ್ಲ ಕಲಿತದ್ದು ಆಪರೇಷನ್ ಥಿಯೇಟರಿನಲ್ಲಿ. ಕಲ್ಕತ್ತದಲ್ಲಿ ಅರಿವಳಿಕೆ ಕೊಡುವ ಡಾಕ್ಟರಾಗಿ ದುಡಿದು ನಿವೃತ್ತಳಾದವಳು ನಾನು. ರೋಗಿ ನಿದ್ದೆಯಲ್ಲಿರುತ್ತಾನೆ, ಸರ್ಜನ್ ಕತ್ತರಿಸುತ್ತಿರುತ್ತಾರೆ, ಅರಿವಳಿಕೆಯವಳು ರೋಗಿಯ ತಲೆಯ ಬಳಿ ಕೂತು ಉಸಿರು ನಾಡಿ ನೋಡಿಕೊಳ್ಳುತ್ತ ಸರ್ಜನ್ನರ ಮೀನಿನ ಮಾತು ಕೇಳುತ್ತಾಳೆ. ನಮ್ಮ ಕಸುಬು ಹೆಚ್ಚುಕಡಿಮೆ ಇಷ್ಟೇ.

ಈಗ ನನ್ನ ತಂಗಿಯ ಮಗಳು ಇದೇ ಕೆಲಸಕ್ಕೆ ಸೇರಿದ್ದಾಳೆ. ಕಲ್ಕತ್ತದಲ್ಲೇ ಬೆಳೆದ ಹುಡುಗಿ. ಕನ್ನಡ ಅರ್ಥವಾಗುತ್ತದೆ, ಬಾಯಿಂದ ಬರುವಷ್ಟರಲ್ಲಿ ಇಂಗ್ಲಿಷ್ ಆಗಿರುತ್ತದೆ. ಮೊನ್ನೆ ಕೇಳಿದಳು, "ದೊಡ್ಡಮ್ಮ, ಒಳ್ಳೆ ಥಿಯೇಟರ್ ಯಾವ್ದು ಅಂತ ಹೇಗೆ ಗೊತ್ತಾಗತ್ತೆ? ಮಾನಿಟರ್ಸ್ ನೋಡ್ಬೇಕಾ?"

"ಮಾತು ಕೇಳಿಸ್ಕೊ. ಮೀನಿನ ಮಾತು ನಡೀತಾ ಇದ್ರೆ ಒಳ್ಳೇದು. ನಿಂತ್ರೆ ಹೆದರ್ಕೊ" ಅಂದೆ.

"ದೊಡ್ಡಮ್ಮ, ಬೀ ಸೀರಿಯಸ್!"

ನಾನು ಸೀರಿಯಸ್ಸಾಗಿಯೇ ಹೇಳಿದ್ದೆ. ಅವಳಿಗೆ ನಂಬಿಕೆ ಬರಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ನಾನು ಮೊದಲು ಕೆಲಸ ಮಾಡಿದ್ದು ದಕ್ಷಿಣ ಕಲ್ಕತ್ತದ ಒಂದು ಸಣ್ಣ ಧರ್ಮಾಸ್ಪತ್ರೆಯಲ್ಲಿ. ಅಪ್ಪ ಉಡುಪಿಯಿಂದ ಬ್ಯಾಂಕಿನ ವರ್ಗಾವಣೆಯ ಮೇಲೆ ಈ ಊರಿಗೆ ಬಂದವರು, ಹಿಂದಿರುಗಲಿಲ್ಲ. ಅಪ್ಪನ ಬೆನ್ನಿಗೇ ಬಂದ ಸೋದರಮಾವ ವಾಸುದೇವ ಉಪಾಧ್ಯರು ಲೇಕ್ ಮಾರ್ಕೆಟ್ ಹತ್ತಿರ ಹೋಟೆಲು ಇಟ್ಟರು. ಆಸ್ಪತ್ರೆಯಲ್ಲಿ ನನ್ನನ್ನು ಎಲ್ಲರೂ "ರಾವ್" ಎನ್ನುತ್ತಿದ್ದರು. ನಾನಿಲ್ಲದಾಗ "ಆ ಮದ್ರಾಸಿ" ಎನ್ನುತ್ತಿದ್ದರು.

ಅಲ್ಲಿನ ಮುಖ್ಯ ಸರ್ಜನ್ ಡಾಕ್ಟರ್ ಚೌಧುರಿ. ಅರವತ್ತರ ಹತ್ತಿರ, ಎತ್ತರದ ಮನುಷ್ಯ, ಮೀಸೆಗೆ ಪರಿಮಳದೆಣ್ಣೆ. ಪಿತ್ತಕೋಶ ತೆಗೆಯುವುದರಲ್ಲಿ ಅವರನ್ನು ಮೀರಿಸಿದವರನ್ನು ನಾನು ಕೊನೆಯವರೆಗೂ ನೋಡಲಿಲ್ಲ. ಆ ಭಾಗದಲ್ಲಿ ಪಿತ್ತಕೋಶದ ಕಲ್ಲಿಗೆ ಬರವಿರಲಿಲ್ಲ. ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು, ಶನಿವಾರ ಇನ್ನೂ ಒಂದು. ಹೊಟ್ಟೆ ತೆರೆಯುವಾಗ ಮೀನಿನ ಮಾತು ಶುರು. "ರಾವ್, ನಿನ್ನೆ ಗರಿಯಾಹಾಟ್ ಮಾರ್ಕೆಟ್ಟಿನಲ್ಲಿ ಒಂದು ಇಲಿಶ್ ನೋಡಿದೆ. ಬೆಳ್ಳಿ! ಮದುಮಗಳ ಹಾಗೆ ಮಲಗಿತ್ತು." ಪಿತ್ತಕೋಶ ಹೊರಗೆ ಬರುವಷ್ಟರಲ್ಲಿ ಮೀನು ಬಾಣಲೆಗೆ ಬಿದ್ದಿರುತ್ತಿತ್ತು. ಕೊನೆಯ ಹೊಲಿಗೆ ಹಾಕುವಾಗ ಊಟ ಮುಗಿದು ಕೈ ತೊಳೆಯುತ್ತಿದ್ದರು. ಅವರ ಕೈಗೆ ಅವರು ಹೇಳಿಕೊಡಬೇಕಾಗಿರಲಿಲ್ಲ. ನರ್ಸಿಗೂ ಕೇಳುವ ಮುಂಚೆಯೇ ಯಾವ ಕತ್ತರಿ ಎಂದು ಗೊತ್ತು. ನನಗೂ ಗೊತ್ತು: ಮೀನು ಹುರಿಯಲು ತೊಡಗಿದರೆ ರೋಗಿಯನ್ನು ಎಬ್ಬಿಸುವ ಹೊತ್ತಾಯಿತು.

ಇಂಥ ಆಸ್ಪತ್ರೆಗೆ ಅಪರೂಪಕ್ಕೊಮ್ಮೆ, ದುರ್ಗಾಪೂಜೆ ಬಂದ ಹಾಗೆ, ಹುಟ್ಟಿನಲ್ಲೇ ಅಂಗದೋಷವಿರುವ ಎಳೆಗೂಸು ಬರುತ್ತಿತ್ತು. ನಮ್ಮಲ್ಲೇ ಹೆರಿಗೆ ವಾರ್ಡು ಇತ್ತಲ್ಲ. ಪೂಜೆ ಬಂದಂತೆಯೇ ಅದನ್ನು ಆಚರಿಸುತ್ತಿದ್ದೆವು ಕೂಡ.

ನಾನು ನೋಡಿದ ಮೊದಲನೆಯ ಮಗುವಿಗೆ ಅನ್ನನಾಳ ಅರ್ಧಕ್ಕೇ ನಿಂತಿತ್ತು. ಬಾಯಿಯಿಂದ ಇಳಿದ ನಾಳ ಎದೆಯಲ್ಲಿ ಕುರುಡಾಗಿ ಮುಗಿಯುತ್ತದೆ; ಹೊಟ್ಟೆಯಿಂದ ಬಂದ ಇನ್ನೊಂದು ತುಂಡು ಶ್ವಾಸನಾಳಕ್ಕೆ ಅಂಟಿಕೊಂಡಿರುತ್ತದೆ. ಮಗು ತನ್ನ ಜೊಲ್ಲನ್ನೂ ನುಂಗಲಾರದು. ನೊರೆ ಬರುತ್ತದೆ, ಕೆಮ್ಮುತ್ತದೆ, ನೀಲಿಯಾಗುತ್ತದೆ. ಎದೆ ತೆರೆದು ಎರಡೂ ತುದಿಗಳನ್ನು ಜೋಡಿಸಬೇಕು. ಆ ತುದಿಗಳು ನಿಮ್ಮ ಕಿರುಬೆರಳಿಗಿಂತ ಎಷ್ಟೋ ಸಣ್ಣವು.

ಸುದ್ದಿ ಹಬ್ಬಿದ್ದೇ ಆಸ್ಪತ್ರೆಗೆ ಕಳೆ ಬಂತು. ಟ್ರಸ್ಟಿನ ಅಧ್ಯಕ್ಷರು ರೇಷ್ಮೆ ಜುಬ್ಬಾ ತೊಟ್ಟು ಬಂದರು. ಯಾರೋ ಸಂದೇಶ್ ಮಿಠಾಯಿಯ ಡಬ್ಬಿ ತರಿಸಿದರು. ಆಪರೇಷನ್ನಿಗೆ ಮುಂಚೆಯೇ ಹಂಚಿ ಮುಗಿಯಿತು. ಥಿಯೇಟರಿನಲ್ಲಿ ನಿಲ್ಲಲು ಜಾಗವಿರಲಿಲ್ಲ, ಕಣ್ಣಿನ ಡಾಕ್ಟರೂ ಬಂದಿದ್ದರು. ಆಮೇಲೆ ಹುಡುಕಾಟ ಶುರುವಾಯಿತು. ಎಳೆಗೂಸಿಗೆ ಹಾಕುವ ಉಸಿರಿನ ನಳಿಗೆ ಕಪಾಟಿನ ಹಿಂದೆ ಸಿಕ್ಕಿತು, ರಬ್ಬರು ಹಳೆಯ ಚ್ಯೂಯಿಂಗ್ ಗಮ್ಮಿನಂತೆ ಅಂಟುತ್ತಿತ್ತು. ಎಕ್ಸ್‌ರೇಯವನು ತೆಗೆದ ಚಿತ್ರದಲ್ಲಿ ಮಗುವಿಗಿಂತ ಸ್ಪಷ್ಟವಾಗಿ ಅವನ ಉಂಗುರ ಕಾಣುತ್ತಿತ್ತು. ಚೌಧುರಿಯವರಿಗೆ ಸೆಕೆ ಎಂದು ಎ.ಸಿ. ಯಾವತ್ತಿನಂತೆ ಜೋರಾಗಿತ್ತು, ಮಗುವಿನ ಪಾದ ಮಂಜುಗಡ್ಡೆಯಾದಾಗಲೇ ಯಾರಿಗೋ ನೆನಪಾದದ್ದು. ಲ್ಯಾಬಿನವನು ದೊಡ್ಡವರಿಗೆ ತರುವ ಸಿರಿಂಜನ್ನೇ ತಂದು, "ಇಷ್ಟು ರಕ್ತ ಬೇಕು" ಎಂದ. ಮಗುವಿನ ಮೈಯಲ್ಲಿ ಒಟ್ಟು ಇರುವುದೇ ಒಂದು ಟೀ ಕಪ್ಪಿನಷ್ಟು.

ಚೌಧುರಿ ಅಂದು ಒಂದು ಮಾತೂ ಆಡಲಿಲ್ಲ. ಒಂದೇ ಒಂದು ಮೀನು ಬರಲಿಲ್ಲ. ಇದೇ ಮೊದಲ ಸಲ ನನಗೆ ಥಿಯೇಟರಿನ ಗಡಿಯಾರದ ಟಿಕ್ ಟಿಕ್ ಕೇಳಿಸಿತು. ಅಲ್ಲಿ ಗಡಿಯಾರವಿದೆಯೆಂದೇ ನನಗೆ ಗೊತ್ತಿರಲಿಲ್ಲ.

ಹೊಲಿಗೆ ಕೂತಿತು. ಮಗು ಥಿಯೇಟರಿನಿಂದ ಜೀವಂತವಾಗಿ ಹೊರಗೆ ಬಂತು, ಅಧ್ಯಕ್ಷರು ಫೋಟೋ ತೆಗೆಸಿಕೊಂಡರು. ಮಗು ಹೋದದ್ದು ಮೂರನೆಯ ದಿನ, ವಾರ್ಡಿನಲ್ಲಿ. ಯಾರೂ ದೊಡ್ಡ ತಪ್ಪು ಮಾಡಿರಲಿಲ್ಲ. ಡ್ರಿಪ್ ತುಸು ಹೆಚ್ಚಾಗಿತ್ತು, ಕಫ ತೆಗೆಯುವುದು ತುಸು ತಡವಾಗಿತ್ತು, ಮೈ ತುಸು ತಣ್ಣಗಾಗಿತ್ತು. ಅಂಥ ಮಗುವನ್ನು ಆ ವಾರ್ಡಿನ ಯಾವ ನರ್ಸೂ ಅದಕ್ಕೆ ಮುಂಚೆ ನೋಡಿಕೊಂಡಿರಲಿಲ್ಲ. ಎಲ್ಲರೂ ಸಣ್ಣ ಸಣ್ಣದಾಗಿ ತಪ್ಪಿದೆವು. ಅಷ್ಟು ಸಣ್ಣ ಮೈಗೆ ಸಣ್ಣ ತಪ್ಪು ಎಂಬುದೇ ಇಲ್ಲ. ಚೌಧುರಿ ಎರಡು ವಾರ ಪಿತ್ತಕೋಶವನ್ನೂ ಮೌನವಾಗಿ ತೆಗೆದರು.

ಮಾವನಿಗೆ ಹೇಳಿದಾಗ ಅವರು ಬಾಳೆಎಲೆ ಒರೆಸುತ್ತಲೇ ಅಂದರು: "ಎಂತ ಗೊತ್ತುಂಟಾ ಜಯೂ, ನಮ್ಮ ಭಟ್ರು ದಿನಾ ದೋಸೆ ಹೊಯ್ತಾರೆ, ಕಣ್ಣು ಮುಚ್ಚಿ ಹೊಯ್ದರೂ ಉರುಟು. ಅವರ ಹತ್ರ ವರ್ಷಕ್ಕೊಂದ್ಸಲ ಹೋಳಿಗೆ ಮಾಡಿಸಿದ್ರೆ ಹೂರಣ ಹೊರಗೆ, ಕಣಕ ಒಳಗೆ. ಅದು ಭಟ್ರ ತಪ್ಪಲ್ಲ ಮಾರಾಯ್ತಿ. ಕಾವಲಿಗೂ ಅಭ್ಯಾಸ ಬೇಕು, ಸೌದೆ ಹಾಕುವವನಿಗೂ ಬೇಕು."

ಕೆಲವು ವರ್ಷ ಕಳೆಯಿತು. ಇನ್ನು ಹೇಳುವುದು ಆ ಬಂದ್ ದಿನದ ಕಥೆ.

ಹೊಸಬರಿಗೆ ಇದನ್ನು ವಿವರಿಸಬೇಕು. ಆಗ ನಮ್ಮ ರಾಜ್ಯದಲ್ಲಿ ಆಳುವ ಕಮ್ಯುನಿಸ್ಟರೇ ಬಂದ್ ಕರೆಯುತ್ತಿದ್ದರು. ದಿಲ್ಲಿಯ ಮೇಲೆ ಸಿಟ್ಟು ಬಂದರೆ ಕಲ್ಕತ್ತ ಬಾಗಿಲು ಹಾಕುತ್ತಿತ್ತು. ಬಸ್ಸಿಲ್ಲ, ಟ್ರಾಮಿಲ್ಲ, ಹೌರಾದಲ್ಲಿ ಇಳಿದವರು ಸ್ಟೇಷನ್ನಿನಲ್ಲೇ ಚಾಪೆ ಹಾಸಬೇಕು. ಖಾಲಿ ರಸ್ತೆಗಳಲ್ಲಿ ಪ್ರತಿ ಓಣಿಯವರೂ ಇಟ್ಟಿಗೆ ನಿಲ್ಲಿಸಿ ಕ್ರಿಕೆಟ್ ಆಡುತ್ತಿದ್ದರು. ದಾರಿ ಕಾಯುವ ಕಾರ್ಯಕರ್ತರೇ ಫೀಲ್ಡರುಗಳು. ಆಂಬುಲೆನ್ಸು, ಹಾಲಿನ ಗಾಡಿ, ಮದುವೆಯ ಗಾಡಿ ಇವಕ್ಕೆ ಮಾತ್ರ ದಾರಿ.

ಆ ದಿನ ಬೆಳಕು ಹರಿಯುವಾಗ ನಮ್ಮ ವಾರ್ಡಿನಲ್ಲಿ ಮಿನತಿ ಎಂಬ ತಾಯಿಗೆ ಹೆಣ್ಣುಮಗು ಹುಟ್ಟಿತು. ತಂದೆ ಸುಬಲ್, ಪ್ರೈಮರಿ ಶಾಲೆಯ ಮೇಷ್ಟ್ರು. ಮಗುವಿನ ಬಾಯಲ್ಲಿ ನೊರೆ. ನಾನು ತೆಳ್ಳಗಿನ ನಳಿಗೆ ಇಳಿಸಿದೆ. ಸ್ವಲ್ಪ ಹೋಗಿ ನಿಂತಿತು, ತಳ್ಳಿದರೆ ಸುರುಳಿ ಸುತ್ತಿತು. ಅದೇ ರೋಗ. ತಲೆ ಎತ್ತರಿಸಿ ಮಲಗಿಸಿ, ಬಾಯಿಗೆ ಏನೂ ಹಾಕಕೂಡದೆಂದು ಹೇಳಿ, ಜೊಲ್ಲು ಎಳೆದು ತೆಗೆಯುತ್ತ ಕೂತೆ.

ಚೌಧುರಿ ಬಂದರು. ಅವರ ಮನೆ ಪಕ್ಕದ ಬೀದಿಯಲ್ಲೇ. ಮಗುವನ್ನು ನೋಡಿದ್ದೇ ಕಣ್ಣು ಹೊಳೆಯಿತು. "ಈ ಸಲ ಬಿಡೋದಿಲ್ಲ ರಾವ್. ಥಿಯೇಟರ್ ಸಿದ್ಧ ಮಾಡು. ಅಧ್ಯಕ್ಷರಿಗೆ ಫೋನ್ ಹೋಗಿದೆ." ಹಿಂದಿನಿಂದ ಯಾರೋ, "ಮಿಠಾಯಿ ಅಂಗಡಿ ಮುಚ್ಚಿದೆ ಸರ್, ಬಂದ್" ಎಂದರು.

ಬಾಗಿಲಲ್ಲಿ ಸುಬಲ್ ಚಪ್ಪಲಿಯನ್ನು ಕೈಯಲ್ಲಿ ಹಿಡಿದು ನಿಂತಿದ್ದ. ಕಾಳಿಘಾಟ್‌ಗೆ ಓಡಿಹೋಗಿ ಹೂ ತಂದಿದ್ದ. ಹಿಂದಿನ ಸಲವೂ ಆ ಬಾಗಿಲಲ್ಲಿ ಒಬ್ಬ ತಂದೆ ನಿಂತಿದ್ದ.

ನನ್ನ ಬಾಯಿಂದ ಬಂದದ್ದು ಇದು: "ಸರ್, ನಿನ್ನೆಯ ಇಲಿಶ್ ಹೇಗಿತ್ತು?"

ಚೌಧುರಿ ತಿರುಗಿದರು. "ತಲೆ ಕೆಟ್ಟಿದೆಯಾ ನಿನಗೆ? ಮಗುವಿನ ಎದೆ ತೆರೆಯೋ ಹೊತ್ತಿನಲ್ಲಿ ಮೀನಿನ ಮಾತಾ?"

"ಅದಕ್ಕೇ ಕೇಳಿದೆ ಸರ್. ಪಿತ್ತಕೋಶ ತೆಗೆಯುವಾಗ ನೀವು ಮೀನಿನ ಮಾತು ನಿಲ್ಲಿಸೋದೇ ಇಲ್ಲ. ಹಿಂದಿನ ಮಗುವಿನ ದಿನ ನೀವು ಬಾಯಿ ಬಿಡಲಿಲ್ಲ. ನರ್ಸೂ ಬಿಡಲಿಲ್ಲ, ನಾನೂ ಬಿಡಲಿಲ್ಲ. ಎಲ್ಲರೂ ಉಸಿರು ಹಿಡಿದಿದ್ದೆವು. ದೊಡ್ಡ ಸರ್ಕಾರಿ ಮಕ್ಕಳ ಆಸ್ಪತ್ರೆಯಲ್ಲಿ ಇಂಥ ಮಗು ವಾರವಾರವೂ ಬರತ್ತೆ. ಅವರು ಉಸಿರಾಡ್ತಾ ಮಾಡ್ತಾರೆ."

ನನ್ನ ನೌಕರಿ ಹೋಯಿತೆಂದುಕೊಂಡೆ. ಚೌಧುರಿ ಕಿಟಕಿಗೆ ಹೋಗಿ ನಿಂತರು. ಕೆಳಗೆ ಯಾರೋ ಔಟಾದರು, ಬೊಬ್ಬೆ ಕೇಳಿಸಿತು.

"ಬಂದ್ ದಿನ ದಾರಿಯಲ್ಲಿ ಮಗುವಿಗೆ ಏನಾದರೂ ಆದರೆ?" ಎಂದರು, ಬೆನ್ನು ಹಾಕಿಯೇ.

"ನಾನು ಜೊತೆಗೆ ಹೋಗ್ತೀನಿ ಸರ್."

"ಸಸ್ಯಾಹಾರಿಗಳು ಮೀನಿನ ವಿಷಯ ಎತ್ತಬಾರದು ರಾವ್," ಎಂದರು. ಕಿಟಕಿಯಿಂದ ಈ ಕಡೆ ತಿರುಗಿ, "ಆಂಬುಲೆನ್ಸ್ ತರಿಸು. ನಾನೂ ಬರ್ತೀನಿ."

ಆಂಬುಲೆನ್ಸು ಅಂಗಳದಲ್ಲೇ ಇತ್ತು, ಹಣೆಗೆ ಕುಂಕುಮ, ಕನ್ನಡಿಗೆ ಒಣಗಿದ ಹಾರ. ಕೆಲವೇ ದಿನಗಳ ಹಿಂದೆ ವಿಶ್ವಕರ್ಮ ಪೂಜೆ ಆಗಿತ್ತು; ಆ ದಿನ ಊರಿನ ವಾಹನಗಳಿಗೆಲ್ಲ ಪೂಜೆ. ನಮ್ಮ ಡ್ರೈವರು ಭಕ್ತಿಯಿಂದ ಪೂಜೆ ಮಾಡಿದ್ದ, ಆಮೇಲೆ ಗಾಡಿಯ ಬ್ಯಾಟರಿ ಬಿಚ್ಚಿ ಪೂಜೆಯ ಮೈಕಿಗೆ ಕೊಟ್ಟಿದ್ದ. ಬ್ಯಾಟರಿ ಇನ್ನೂ ಪೂಜೆ ನಡೆಸಿದ ಓಣಿಯ ಕ್ಲಬ್ಬಿನಲ್ಲಿತ್ತು. ಕ್ಲಬ್ಬಿಗೆ ಬೀಗ. ಬೀಗದ ಕೈ ಇದ್ದವನು ಎಲ್ಲೋ ಫೀಲ್ಡಿಂಗ್ ಮಾಡುತ್ತಿದ್ದ.

ಮಾವನಿಗೆ ಫೋನ್ ಮಾಡಿದೆ.

"ಗಾಡಿ ಉಂಟು," ಎಂದರು ಮಾವ. "ಬೋರ್ಡೂ ಉಂಟು. ನೀನು ಮಂಡೆಬಿಸಿ ಮಾಡ್ಬೇಡ."

ಬಂದಿತು ಮಾವನ ಕೇಟರಿಂಗ್ ವ್ಯಾನು. ಮುಂದೆ ಕೆಂಪು ಅಕ್ಷರದಲ್ಲಿ 'ಶುಭ ವಿವಾಹ', ಮೇಲೊಂದು ಚಿಟ್ಟೆಯ ಚಿತ್ರ, ಬಂಗಾಳಿ ಮದುವೆಯ ಗುರುತು. ಮಾವ ಈ ಬೋರ್ಡನ್ನು ವರ್ಷವಿಡೀ ಬಂದ್‌ಗಳಿಗೆಂದೇ ಇಟ್ಟುಕೊಂಡಿದ್ದರು. ಒಳಗೆ ಸಾಂಬಾರಿನ ಡಬರಿಗಳಲ್ಲಿ ಬಿಸಿನೀರು ತುಂಬಿ ಮುಚ್ಚಿದ್ದರು. "ಕೂಸಿಗೆ ಚಳಿ ಆಗ್ಬಾರ್ದಲ್ಲ" ಎಂದರು. ನಿಜವಾಗಿಯೂ ನಮ್ಮ ಥಿಯೇಟರಿಗಿಂತ ವ್ಯಾನೇ ಬೆಚ್ಚಗಿತ್ತು. ನಾನು ಆಕ್ಸಿಜನ್ ಸಿಲಿಂಡರನ್ನು ವ್ಯಾನಿಗೆ ಏರಿಸಿ ನೋಡಿದರೆ ಪಕ್ಕದಲ್ಲಿ ಅಡುಗೆ ಗ್ಯಾಸಿನ ಸಿಲಿಂಡರು, ಅದರ ಪಕ್ಕದಲ್ಲಿ ಸಿಗರೇಟಿಗೆ ಕಡ್ಡಿ ಗೀರಲಿರುವ ಚೌಧುರಿ. ಗ್ಯಾಸನ್ನೂ ಕಡ್ಡಿಪೆಟ್ಟಿಗೆಯನ್ನೂ ಇಳಿಸಿಯೇ ಹೊರಟೆವು. ಮುಂದೆ ಮಾವ, ಪಕ್ಕದಲ್ಲಿ ಸುಬಲ್. ಹಿಂದೆ ಹತ್ತಿಯಲ್ಲಿ ಸುತ್ತಿದ ಮಗುವನ್ನು ಎದೆಗೆ ಎತ್ತರವಾಗಿ ಹಿಡಿದು ನಾನು. ಇಡ್ಲಿ ಪಾತ್ರೆಯ ಮೇಲೆ ಚೌಧುರಿ.

ಮಗುವಿನ ಜೊಲ್ಲು ತೆಗೆಯಲು ನನ್ನ ಬಳಿ ಇದ್ದದ್ದು ಒಂದು ಸಣ್ಣ ಸೀಸೆ, ಅದಕ್ಕೆ ಎರಡು ನಳಿಗೆ. ಒಂದು ಮಗುವಿನ ಬಾಯಿಗೆ, ಇನ್ನೊಂದು ನನ್ನ ಬಾಯಿಗೆ. ನಾನು ಎಳೆದರೆ ಜೊಲ್ಲು ಸೀಸೆಗೆ ಬೀಳುತ್ತದೆ. ಕಟ್ಟಿಕೊಂಡರೆ ಬದಲಿಸಲು ಇನ್ನೊಂದು ಸೀಸೆಯನ್ನು ಪಕ್ಕದಲ್ಲಿ ಇಟ್ಟುಕೊಂಡಿದ್ದೆ.

ಎರಡು ಅಡ್ಡರಸ್ತೆ ದಾಟಿದೆವು. ಬೋರ್ಡು ನೋಡಿ ಹುಡುಗರು ವಿಕೆಟ್ ಸರಿಸಿ ದಾರಿ ಬಿಟ್ಟರು, ಒಬ್ಬ ಸೀಟಿ ಹೊಡೆದ. ಮೂರನೆಯದರಲ್ಲಿ ಬ್ಯಾಟು ಹಿಡಿದ ದಪ್ಪ ಮನುಷ್ಯನೊಬ್ಬ ಅಡ್ಡ ನಿಂತ. ಎಲ್ಲರೂ ಅವನನ್ನು ಬಾಚ್ಚು-ದಾ, ಅಂದರೆ ಬಾಚ್ಚು ಅಣ್ಣ, ಎನ್ನುತ್ತಿದ್ದರು. ಆ ಪ್ರದೇಶದ ಪಕ್ಷದ ಮುಖಂಡ. ಮಾವ ಬ್ರೇಕು ಒತ್ತಿದ ರಭಸಕ್ಕೆ ಇಡ್ಲಿ ಪಾತ್ರೆಯ ಮುಚ್ಚಳ ಢಣ್ಣೆಂದು ಬಿತ್ತು.

"ಆಶ್ವಿನ ಮಾಸದಲ್ಲಿ ಶುಭ ವಿವಾಹವೇ?" ಎಂದ ಬಾಚ್ಚು-ದಾ. "ಯಾವ ಪುರೋಹಿತ ಮುಹೂರ್ತ ಇಟ್ಟುಕೊಟ್ಟ?"

ಬಂಗಾಳಿಗಳು ಆ ತಿಂಗಳು ಮದುವೆ ಮಾಡುವುದಿಲ್ಲ. ಮಾವ ಬೋರ್ಡು ಬರೆಸಿದ್ದರೇ ಹೊರತು ತಿಂಗಳು ನೋಡಿರಲಿಲ್ಲ. ದೇವರನ್ನು ನಂಬದ ಕಾಮ್ರೇಡರಿಗೆ ಪಂಚಾಂಗ ಬಾಯಿಪಾಠವಾಗಿರುತ್ತದೆಂದು ಅವರಿಗೇನು ಗೊತ್ತು?

"ನಾವು ಮದ್ರಾಸಿ ದಾದಾ. ನಮ್ಮಲ್ಲಿ ನಡೀತದೆ," ಎಂದರು ಮಾವ.

"ನಮ್ಮ ಆಫೀಸಿನ ಅಯ್ಯರ್ ನಿನ್ನೆಯಷ್ಟೇ ಪಿತೃಪಕ್ಷದ ತರ್ಪಣ ಬಿಟ್ಟ," ಎಂದ ವಿಕೆಟ್‌ಕೀಪರ್. "ನಿಮ್ಮಲ್ಲೂ ನಡೆಯೋದಿಲ್ಲ."

"ವಧು ಎಲ್ಲಿ?" ಬಾಚ್ಚು-ದಾ ಹಿಂಬಾಗಿಲು ತೆರೆದ.

ಸುಳ್ಳು ಒಮ್ಮೆ ಹೊರಟರೆ ಮಾವನ ವ್ಯಾನಿನ ಹಾಗೆ, ಬ್ರೇಕು ತಡವಾಗಿ ಹಿಡಿಯುತ್ತದೆ. ಮಾವ ನನ್ನನ್ನು ತೋರಿಸಿದರು. "ಇವಳೇ."

"ವರ?"

ಮಾವನ ಬೆರಳು ಬೇರೆ ದಾರಿಯಿಲ್ಲದೆ ಇಡ್ಲಿ ಪಾತ್ರೆಯ ಮೇಲಿನ ಚೌಧುರಿಯತ್ತ ಹೋಯಿತು.

"ಛಿ ಛಿ ಛಿ!" ಎಂದ ಬಾಚ್ಚು-ದಾ. "ಈ ವಯಸ್ಸಿಗೆ! ಮತ್ತೆ ಮದುವೆಗೆ ಮುಂಚೆಯೇ ಮಗು?"

"ನನ್ನ ಮಗು! ನನ್ನದು! ಕಾಯಿಲೆ, ಆಸ್ಪತ್ರೆಗೆ ಹೋಗಬೇಕು!" ಸುಬಲ್ ಮುಂದಿನಿಂದ ಕೂಗಿದ.

"ಈಗ ತಾನೇ ಮದುವೆ ಅಂದಿರಿ, ಈಗ ಆಸ್ಪತ್ರೆ ಅಂತೀರಿ. ಮೊದಲು ಯಾವುದು ಅಂತ ನೀವೇ ಮೀಟಿಂಗ್ ಮಾಡಿ ತೀರ್ಮಾನಿಸಿ," ಎಂದ ವಿಕೆಟ್‌ಕೀಪರ್. ಫೀಲ್ಡರುಗಳೆಲ್ಲ ನಕ್ಕರು.

ಅದೇ ನಗುವಿನ ನಡುವೆ ಮಗು ನೀಲಿಯಾಯಿತು.

ನಾನು ಎಳೆದೆ. ನಳಿಗೆ ಕಟ್ಟಿಕೊಂಡಿತ್ತು, ಏನೂ ಬರಲಿಲ್ಲ. ಇನ್ನೊಂದು ಸೀಸೆಗೆ ಕೈ ಹಾಕಿದರೆ ಅದು ಜಾಗದಲ್ಲಿಲ್ಲ, ಬ್ರೇಕಿಗೆ ಉರುಳಿಹೋಗಿತ್ತು. ಒಂದು ಕೈಯಲ್ಲಿ ಮಗು, ಇನ್ನೊಂದು ಕೈಯಿಂದ ಸೌಟುಗಳ ಬಕೆಟ್ಟಿನಲ್ಲಿ ತಡಕಾಡಿದೆ. ಸೌಟು, ಜಾಲರಿ, ಚಟ್ನಿಯ ಚಮಚ, ಮತ್ತೆ ಸೌಟು. ತುಟಿ ನೇರಳೆಯಾಯಿತು. ಹತ್ತಿಯಿಂದ ಹೊರಗೆ ಬಂದಿದ್ದ ಪುಟ್ಟ ಕೈ ಜೋತುಬಿತ್ತು. ಇಲ್ಲಿಯೇ, ಈ ಖಾಲಿ ರಸ್ತೆಯ ನಡುವೆ, ನನ್ನ ದೊಡ್ಡ ಮಾತನ್ನು ನಂಬಿ ಹೊರಟ ಮಗು. ಸೀಸೆ ಸಿಕ್ಕಿತು, ಬಕೆಟ್ಟಿನ ತಳದಲ್ಲಿ. ಬಾಯಿಗೆ ಹಾಕಿ ಎಳೆದೆ. ಅಂಟು ನೊರೆ ಬಂತು, ಇನ್ನೊಮ್ಮೆ ಎಳೆದೆ, ಮಗು ಕೆಮ್ಮಿತು, ಅತ್ತಿತು. ಕೆನ್ನೆಯ ಕಡೆಯಿಂದ ಬಣ್ಣ ಹಿಂದಿರುಗಿತು.

ಈಗಲೂ ಎಲ್ಲಾದರೂ ಪಾತ್ರೆಯ ಮುಚ್ಚಳ ಬಿದ್ದರೆ ನನ್ನ ಬಲಗೈ ತಾನಾಗಿ ಪಕ್ಕಕ್ಕೆ ಹೋಗಿ ತಡಕಾಡುತ್ತದೆ. ಮದುವೆ ಮನೆಗಳಲ್ಲಿ ಇದರಿಂದ ಬಹಳ ಮುಜುಗರವಾಗಿದೆ. ಪಕ್ಕದಲ್ಲಿ ಕೂತವರು ನಾನು ಅವರ ಎಲೆಯಿಂದ ಹೋಳಿಗೆ ಎತ್ತುತ್ತಿದ್ದೇನೆಂದುಕೊಳ್ಳುತ್ತಾರೆ.

ಚೌಧುರಿ ಅಷ್ಟರಲ್ಲಿ ವ್ಯಾನಿನಿಂದ ಹಾರಿದ್ದರು. "ಮೂರ್ಖರಾ! ನಾನು ಸರ್ಜನ್! ಈ ಮಗು ಸಾಯ್ತಾ ಇದೆ!"

ಬಾಚ್ಚು-ದಾ ಬ್ಯಾಟು ಕೆಳಗಿಟ್ಟ. ಅವರ ಮುಖವನ್ನೇ ನೋಡಿದ. ಮೀಸೆ ನೋಡಿದ. ಮೂಗಿಗೆ ಪರಿಮಳದೆಣ್ಣೆ ಬಡಿದಿರಬೇಕು. "ಡಾಕ್ತಾರ್‌ಬಾಬು? ನನ್ನ ಪಿತ್ತಕೋಶ!" ಎಂದವನೇ ನಡುರಸ್ತೆಯಲ್ಲಿ ಬನಿಯನ್ ಎತ್ತಿ ಹೊಟ್ಟೆ ತೋರಿಸಿದ. ಚೌಧುರಿ ಅಂಥ ಹೊತ್ತಿನಲ್ಲೂ ಬಗ್ಗಿ ಗಾಯದ ಗುರುತಿನ ಮೇಲೆ ಬೆರಳಾಡಿಸಿದರು. "ನನ್ನದೇ ಹೊಲಿಗೆ. ಚೆನ್ನಾಗಿ ಕೂಡಿದೆ."

"ನನ್ನ ತಾಯಿಯದ್ದೂ ನೀವೇ ತೆಗೆದದ್ದು," ಎಂದ ವಿಕೆಟ್‌ಕೀಪರ್, ಈಗ ಬಹಳ ವಿನಯದಿಂದ. ಬೌಲರನ ಅತ್ತೆಯದ್ದೂ ಅವರೇ ತೆಗೆದದ್ದಂತೆ.

ಆಮೇಲೆ ನಮ್ಮನ್ನು ತಡೆಯುವವರಿರಲಿಲ್ಲ. ಬಾಚ್ಚು-ದಾ ಸ್ಕೂಟರಿನಲ್ಲಿ ಕೆಂಪು ಬಾವುಟ ಹಿಡಿಸಿಕೊಂಡು ಮುಂದೆ ಹೊರಟ. ಅಡ್ಡರಸ್ತೆ ಬಂದಾಗಲೆಲ್ಲ, "ಪಿತ್ತಕೋಶದ ಡಾಕ್ತಾರ್‌ಬಾಬು! ದಾರಿ ಬಿಡಿ!" ಎಂದು ಕೂಗುತ್ತಿದ್ದ. ವಿಕೆಟ್‌ಗಳು ಪಟಪಟನೆ ಬಿದ್ದವು. ಕಂಡುಕೇಳದ ಮಗುವಿನ ರೋಗಕ್ಕೆ ದಾರಿ ತೆರೆದದ್ದು ದಿನಕ್ಕೆ ಎರಡರಂತೆ ತೆಗೆದ ಪಿತ್ತಕೋಶಗಳು.

ದೊಡ್ಡ ಆಸ್ಪತ್ರೆ ನೋಡಲು ಚೆಂದವಿರಲಿಲ್ಲ. ಗೋಡೆಯ ಸುಣ್ಣ ಉದುರುತ್ತಿತ್ತು, ಮೆಟ್ಟಿಲ ಮೇಲೆ ಬೆಕ್ಕು ಮಲಗಿತ್ತು, ಒಂದು ಮಂಚದಲ್ಲಿ ಎರಡು ಮಕ್ಕಳು. ಸುಬಲ್ ನನ್ನ ಮುಖ ನೋಡಿದ. "ದೀದಿ, ಇದೇನಾ ಒಳ್ಳೆಯ ಜಾಗ?"

ವಾರ್ಡಿನ ನರ್ಸು ಮಗುವಿನ ನೊರೆ ನೋಡಿ ಆಕಳಿಸಿದಳು. ಹೌದು, ಆಕಳಿಸಿದಳು. "ಇನ್ನೊಂದು ಅನ್ನನಾಳ," ಎಂದು ಒಳಗೆ ಕೂಗಿ, ಮಾತಾಡುತ್ತಲೇ ಸರಿಯಾದ ಅಳತೆಯ ನಳಿಗೆ ತೆಗೆದು ಹಾಕಿ, ಮಗುವನ್ನು ಬೆಚ್ಚಗಿನ ಪೆಟ್ಟಿಗೆಯಲ್ಲಿ ತಲೆ ಎತ್ತರಿಸಿ ಮಲಗಿಸಿದಳು. ಲ್ಯಾಬಿನವರು ಹಿಮ್ಮಡಿಗೆ ಚುಚ್ಚಿ ಹನಿ ರಕ್ತ ತೆಗೆದರು. ಎಕ್ಸ್‌ರೇಯಲ್ಲಿ ಯಾರ ಉಂಗುರವೂ ಇರಲಿಲ್ಲ. ಅಧ್ಯಕ್ಷರಿಲ್ಲ, ಮಿಠಾಯಿಯಿಲ್ಲ, ನೋಡಲು ಒಬ್ಬರೂ ಬರಲಿಲ್ಲ. ಅಷ್ಟು ಬೇಸರದ ಜಾಗವನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ.

ಅಲ್ಲಿನ ಸರ್ಜನ್ ಡಾಕ್ಟರ್ ದತ್ತ, ಸಣ್ಣ ಆಕಾರದವರು, ಥಿಯೇಟರಿನಲ್ಲಿ ಹರಿದ ಹವಾಯಿ ಚಪ್ಪಲಿ. ನಮ್ಮಿಬ್ಬರಿಗೂ ಒಳಗೆ ನಿಂತು ನೋಡಲು ಬಿಟ್ಟರು. ಎ.ಸಿ. ಆರಿಸಿತ್ತು, ಎಲ್ಲರೂ ಬೆವರುತ್ತಿದ್ದರು. ಚೌಧುರಿ ವಿದ್ಯಾರ್ಥಿಯ ಹಾಗೆ ಕೈಕಟ್ಟಿ ಹಿಂದೆ ನಿಂತರು. ದತ್ತ ಚರ್ಮ ಕೊಯ್ದರು. ಥಿಯೇಟರು ನಿಶ್ಶಬ್ದವಾಯಿತು. ನಾನು ಗಡಿಯಾರದ ಸದ್ದಿಗೆ ಕಿವಿಗೊಟ್ಟೆ. ಕೇಳಿಸಿದರೆ ಓಡಿಹೋಗುವುದೆಂದು ನಿಶ್ಚಯಿಸಿದ್ದೆ.

"ಬೆಳಿಗ್ಗೆ ಹೆಂಡತಿ ಇಲಿಶ್‌ಗೆ ಟೊಮೆಟೊ ಹಾಕಿದಳು," ಎಂದರು ದತ್ತ.

"ಅಯ್ಯೋ ಪಾಪವೇ!" ಎಂದರು ಅವರ ಅರಿವಳಿಕೆಯವರು, ಕಣ್ಣು ಮಗುವಿನ ಎದೆಯ ಮೇಲಿಟ್ಟುಕೊಂಡೇ. "ವಿಚ್ಛೇದನಕ್ಕೆ ಇದು ಸಾಕು."

ಚೌಧುರಿ ನನ್ನ ಮೊಣಕೈ ಹಿಡಿದರು. ಗಟ್ಟಿಯಾಗಿ, ನೋವಾಗುವಷ್ಟು. "ಕೇಳಿದೆಯಾ ರಾವ್?" ಎಂದು ಪಿಸುಗುಟ್ಟಿದರು. "ಮೀನು."

ಶ್ವಾಸನಾಳಕ್ಕೆ ಅಂಟಿದ್ದ ತುಂಡನ್ನು ಬಿಡಿಸಿ ಕಟ್ಟುವಷ್ಟರಲ್ಲಿ ಟೊಮೆಟೊದ ಖಂಡನೆ ಮುಗಿದಿತ್ತು. ಎರಡು ತುದಿಗಳನ್ನು ಜೋಡಿಸುವಾಗ ಗಂಗೆಯೋ ಪದ್ಮೆಯೋ ಎಂಬ ವಾದ ನಡೆಯುತ್ತಿತ್ತು. ದತ್ತ ತಲೆಯೆತ್ತದೆ, "ಚೌಧುರಿ-ದಾ, ನೀವು ಹೇಳಿ. ಪಿತ್ತಕೋಶದಲ್ಲಿ ನಿಮ್ಮ ಮಾತೇ ಕೊನೆಯದಂತೆ. ಮೀನಿನಲ್ಲಿ?" ಎಂದರು.

"ಗಂಗೆ," ಎಂದರು ಚೌಧುರಿ. "ಗಂಗೆಯೇ. ಇದರಲ್ಲಿ ಚರ್ಚೆಯೇ ಇಲ್ಲ."

ಆ ದಿನದಿಂದ ನಮ್ಮ ಆಸ್ಪತ್ರೆಯಲ್ಲಿ ಎಳೆಗೂಸಿನ ಎದೆ ತೆರೆಯುವುದು ನಿಂತಿತು. ಮಗು ಬಂದರೆ ಬೆಚ್ಚಗೆ ಸುತ್ತಿ, ತಲೆ ಎತ್ತರಿಸಿ, ಜೊಲ್ಲು ಎಳೆಯುತ್ತ ಕಳಿಸುವುದು. ಅಕ್ಕಪಕ್ಕದ ಹೆರಿಗೆ ಮನೆಗಳವರೂ ನಮ್ಮ ಮೂಲಕ ಕಳಿಸತೊಡಗಿದರು; ಕಳಿಸಿ ಕಳಿಸಿ ಕಳಿಸುವುದರಲ್ಲಿ ನಾವು ಪಳಗಿದೆವು. ಚೌಧುರಿ ಆಂಬುಲೆನ್ಸಿನ ಬ್ಯಾಟರಿಗೆ ಸರಪಳಿ ಹಾಕಿ ಬೀಗ ಜಡಿಸಿದರು. ಮುಂದಿನ ವಿಶ್ವಕರ್ಮ ಪೂಜೆಗೆ ಡ್ರೈವರು ಸರಪಳಿಗೂ ಕುಂಕುಮ ಹಚ್ಚಿದ. ಸ್ವಲ್ಪ ಕಾಲದ ಮೇಲೆ ನಾನು ದೊಡ್ಡ ಆಸ್ಪತ್ರೆಗೇ ಸೇರಿ, ನಿವೃತ್ತಿಯವರೆಗೆ ದತ್ತರ ಮೀನಿನ ಮಾತು ಕೇಳಿದೆ. ಅಲ್ಲಿಯೂ ಎಲ್ಲ ಮಕ್ಕಳೂ ಉಳಿಯಲಿಲ್ಲ. ಆದರೆ ಉಳಿಯಬಲ್ಲ ಮಗು ನಮ್ಮ ಗಾಬರಿಯಿಂದ ಹೋಗುವುದು ಬಹಳ ಕಮ್ಮಿಯಾಯಿತು.

ಸುಬಲ್‌ನ ಮಗಳು ಮನೆಗೆ ಹೋದಳು. ತಿಂಗಳುಗಳು ಕಳೆದ ಮೇಲೆ ಅನ್ನ ಉಣ್ಣಿಸುವ ಶಾಸ್ತ್ರಕ್ಕೆ ನಮ್ಮೆಲ್ಲರನ್ನೂ ಕರೆದರು. ಬಂಗಾಳಿಗಳಲ್ಲಿ ಮಗುವಿನ ಬಾಯಿಗೆ ಮೊದಲ ಅನ್ನ ಇಡಬೇಕಾದವನು ತಾಯಿಯ ಅಣ್ಣ ಇಲ್ಲವೇ ತಮ್ಮ. ಮಿನತಿಗೆ ಅಣ್ಣತಮ್ಮಂದಿರಿರಲಿಲ್ಲ. "ವ್ಯಾನಿನ ಮಾವನೇ ಇಡಲಿ" ಎಂದು ಹಟ ಹಿಡಿದಳು. ನನ್ನ ಮಾವ ರೇಷ್ಮೆ ಮಡಿ ಉಟ್ಟು ಬಂದರು. ತಟ್ಟೆಯ ಅಂಚಿನಲ್ಲಿ ಶಾಸ್ತ್ರಕ್ಕೆಂದು ಇಟ್ಟಿದ್ದ ಮೀನಿನ ತಲೆಯನ್ನು ನೋಡಿ, "ಪಾಯಸ ನಾನು ಕೊಡ್ತೇನೆ ಜಯೂ. ಆ ಜಲಪುಷ್ಪದ ಜವಾಬ್ದಾರಿ ನಂಗೆ ಬೇಡ" ಎಂದರು. ಬಾಚ್ಚು-ದಾ ಜೋರಾಗಿ ನಕ್ಕ.

ತಲೆಗೆ ಬೆಂಡಿನ ಕಿರೀಟ, ಹಣೆಗೆ ಚಂದನದ ಬೊಟ್ಟು. ಮಗು ಮಾವನ ತೊಡೆಯ ಮೇಲೆ ಕೂತಿತ್ತು. ಮಾವ ಬೆರಳ ತುದಿಯಲ್ಲಿ ಪಾಯಸ ತೆಗೆದು ಅದರ ಬಾಯಿಗಿಟ್ಟರು.

ಮಾತು ನಿಂತುಹೋಯಿತು. ದತ್ತ ಕತ್ತು ಮುಂದೆ ಚಾಚಿದರು. ಸುಬಲ್ ಚಪ್ಪಲಿಗಳನ್ನು ಕೈಯಲ್ಲಿ ಹಿಡಿದಿದ್ದ, ಯಾಕೆಂದು ಅವನಿಗೂ ಗೊತ್ತಿರಲಿಲ್ಲ. ನನ್ನ ಬಲಗೈ ಪಕ್ಕಕ್ಕೆ ಹೋಗಿ ಸೀಸೆ ಹುಡುಕತೊಡಗಿತು. ಸಿಕ್ಕಿದ್ದು ಬಾಚ್ಚು-ದಾನ ಮೊಣಕಾಲು. ಅವನೂ ಉಸಿರು ಹಿಡಿದಿದ್ದರಿಂದ ಏನೂ ಅನ್ನಲಿಲ್ಲ.

ಮಗು ಬಾಯಾಡಿಸಿತು. ಹುಬ್ಬು ಗಂಟಿಕ್ಕಿತು. ಗಂಟಲು ಒಮ್ಮೆ ಮೇಲಕ್ಕೆ ಹೋಗಿ ಕೆಳಕ್ಕೆ ಇಳಿಯಿತು. ಆಮೇಲೆ ಇನ್ನೊಂದಕ್ಕೆ ಬಾಯಿ ತೆರೆಯಿತು.

ಆಗ ಚೌಧುರಿ ಗಂಟಲು ಸರಿಮಾಡಿಕೊಂಡು ತಟ್ಟೆಯ ಕಡೆ ಬಗ್ಗಿದರು.

"ಸುಬಲ್," ಎಂದರು, "ಈ ರೂಯಿ ಮೀನು ಎಲ್ಲಿ ತಂದೆ? ಕಣ್ಣು ನೋಡಿದರೆ ನಿನ್ನೆಯದು."